ಮನೆ ಅಡವಿಟ್ಟು ತಂದ ಪದಕ: ಪೈಲವಾನ ಖಾಶಾಬಾ ಜಾಧವ

ಉಮರಗಾ, ನಿಲಂಗಾ, ಉದಗೀರ ಎಂಬ ಊರುಗಳ ಹೆಸರು ನಮ್ಮ ಕಡೆಯವರಿಗೆ ಅಷ್ಟಾಗಿ ಪರಿಚಿತವಲ್ಲ. ಇವು ಮಹಾರಾಷ್ಟ್ರದ ಮರಾಠವಾಡಾ ಪ್ರದೇಶದ ತಾಲೂಕು ಕೇಂದ್ರಗಳು. ಉಮರಗಾ ಹಿಂದಿನ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಗೆ ಸೇರಿದ್ದು. ನಿಲಂಗಾ ಮತ್ತು ಉದಗೀರ ಲಾತೂರ ಜಿಲ್ಲೆಗೆ. ಬೀದರ, ಕಲಬುರಗಿ ಜಿಲ್ಲೆಗಳ ಗಡಿ ಇಲ್ಲಿಂದ ದೂರವಿಲ್ಲ. 1948ರ ತನಕ ಇವೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿದ್ದವು. ನಿಲಂಗಾ, ಉದಗೀರಗಳಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ತಾಲೂಕುಗಳೇ. ಆ ವರ್ಷದ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. ಅಲ್ಲಿನ ಕನ್ನಡ ಮನೆಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಕಾಸರಗೋಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಕಂಬಳ ಹೇಗೋ ಆ ಕಡೆ ಕುಸ್ತಿ ಹಾಗೆ. ಜಾತ್ರೆಯ ತೇರು ಎಳೆದಾದ ಮೇಲೆ ಮಣ್ಣಿನ ಕಣದಲ್ಲಿ ಜೋಡಿ ಕಟ್ಟುತ್ತಾರೆ. ಮೊದಲು ಒಂದು ತೆಂಗಿನಕಾಯಿಯ ಪಣಕ್ಕೆ ಚಿಕ್ಕ ಹುಡುಗರು, ಕೊನೆಗೆ ಬೆಳ್ಳಿಯ ಕಡಗಕ್ಕೆ ಹೆಸರುವಾಸಿ ಪೈಲವಾನರು. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡ ಎಂಬ ಹಳ್ಳಿಯ ಹರಿಶ್ಚಂದ್ರ ಬಿರಾಜದಾರ ಇಂಥ ಮಣ್ಣಿನಿಂದಲೇ ಎದ್ದವರು. 1969ರಲ್ಲಿ ಮಹಾರಾಷ್ಟ್ರ ಕೇಸರಿ ಎನಿಸಿ, ಮರುವರ್ಷ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅವರು 2011ರಲ್ಲಿ ತೀರಿಕೊಂಡರು. ಬಿರಾಜದಾರ ಎಂಬ ಅಡ್ಡಹೆಸರು ಬೀದರ, ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಧಾರಾಳವಾಗಿ ಕೇಳಿಬರುತ್ತದೆ. ಆದರೆ ಈ ಹುಡುಗನಿಗೆ ಪಟ್ಟು ಕಲಿಯಲು ನಿಲಂಗಾದಲ್ಲಿ ಅನುಕೂಲವಿರಲಿಲ್ಲ. ದೂರದ ಕೊಲ್ಹಾಪುರದ ತಾಲೀಮಿಗೆ ಹೋಗಬೇಕಾಯಿತು. ಆ ಭಾಗದ ಬಡ ರೈತನ ಮಗ ಪೈಲವಾನನಾಗಬೇಕಾದರೆ ಕೊಲ್ಹಾಪುರವೇ ಗತಿ ಎಂಬಂತಾದುದು ಏಕೆ, ಅಲ್ಲಿಗೆ ಹೋದವನ ಹೊಟ್ಟೆಗೂ ಪ್ರಯಾಣಕ್ಕೂ ಹಣ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗಳು ಬಿರಾಜದಾರರಿಗಿಂತ ಒಂದು ತಲೆಮಾರು ಹಿಂದಿನ ಇನ್ನೊಬ್ಬ ಪೈಲವಾನನ ಬಾಳಿನಲ್ಲಿ ಬಹಳ ಕಟುವಾಗಿ ಎದ್ದುವು. ಅವರೇ ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದುಕೊಟ್ಟ ಖಾಶಾಬಾ ದಾದಾಸಾಹೇಬ ಜಾಧವ.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡ ಪಟ್ಟಣಕ್ಕೆ ತಾಗಿಕೊಂಡಂತಿರುವ ಗೋಳೇಶ್ವರ ಎಂಬ ಹಳ್ಳಿಯಲ್ಲಿ. ತಂದೆ ದಾದಾಸಾಹೇಬರು ಸ್ವತಃ ಪೈಲವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯ. ಮನೆಯಲ್ಲೇ ಗುರು ಇದ್ದುದರಿಂದ ನಡೆಯಲು ಕಲಿತ ಹುಡುಗ ಮಣ್ಣಿಗಿಳಿಯಲು ತಡವಾಗಲಿಲ್ಲ. ಆಳು ಗಿಡ್ಡ, ಮೈ ಹಗುರ. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಸಿಕ್ಕಿಸಿ ಕ್ಷಣಾರ್ಧದಲ್ಲಿ ಎತ್ತಿ ಕೆಡಹುವ ಢಾಕ್ ಎಂಬ ಪಟ್ಟು ಅವರ ಕೈಗೆ ಹತ್ತಿದ್ದು ಹೀಗೆ. ದಪ್ಪ ದೇಹದವರ ನಡುವೆ ಈ ಸಣ್ಣ ಹುಡುಗ ಗೆದ್ದು ಬರುವುದನ್ನು ನೋಡಲೆಂದೇ ಜನ ಸೇರುತ್ತಿದ್ದರಂತೆ.

ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ 1942ರ ಚಲೇಜಾವ್ ಚಳವಳಿ ಬಂತು. ಸಾತಾರಾ ಜಿಲ್ಲೆಯಲ್ಲಿ ಅದರ ಬಿಸಿ ಬಹಳ. ಭೂಗತರಾದ ಕ್ರಾಂತಿಕಾರಿಗಳಿಗೆ ಅಡಗುದಾಣ ಒದಗಿಸುವುದು, ಅವರ ಕಾಗದಪತ್ರಗಳನ್ನು ಮುಟ್ಟಿಸುವುದು, ಹೀಗೆ ಈ ಹದಿನಾರರ ಹುಡುಗನೂ ತನ್ನ ಪಾಲಿನ ಕೆಲಸ ಮಾಡಿದ. ಹೈಸ್ಕೂಲು ಮುಗಿದ ಮೇಲೆ ಕೊಲ್ಹಾಪುರದ ರಾಜಾರಾಮ ಕಾಲೇಜು. ಬಾಬುರಾವ್ ಬಲವಡೆ, ಬೇಲಾಪುರಿ ಗುರೂಜಿ ಎಂಬವರು ಅಲ್ಲಿ ಅವರಿಗೆ ಕುಸ್ತಿಯ ಗುರುಗಳಾದರು. ಕಾಲೇಜಿನ ವಾರ್ಷಿಕ ಪಂದ್ಯಗಳಿಗೆ ಹೆಸರು ಕೊಡಲು ಹೋದಾಗ ಇಷ್ಟು ಸಣ್ಣ ಮೈಯವನಿಗೆ ಕುಸ್ತಿಯೇ ಎಂದು ಕ್ರೀಡಾ ಶಿಕ್ಷಕರು ನಿರಾಕರಿಸಿದರೆಂದೂ, ಖಾಶಾಬಾ ನೇರವಾಗಿ ಪ್ರಿನ್ಸಿಪಾಲ ಖರ್ಡೀಕರರ ಬಳಿಗೆ ಹೋಗಿ ಒಪ್ಪಿಗೆ ಪಡೆದರೆಂದೂ ಹೇಳುತ್ತಾರೆ. ಈ ಖರ್ಡೀಕರರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಕೊಲ್ಹಾಪುರದ ವಿಚಾರ ಇಲ್ಲಿ ಸ್ವಲ್ಪ ಹೇಳಬೇಕು. 1894ರಿಂದ 1922ರ ತನಕ ಆಳಿದ ಛತ್ರಪತಿ ಶಾಹೂ ಮಹಾರಾಜರು ಸ್ವತಃ ಕುಸ್ತಿಪ್ರಿಯರು. ಹಿಂದುಳಿದವರಿಗೆ ಶಿಕ್ಷಣ, ವಿದ್ಯಾರ್ಥಿನಿಲಯಗಳನ್ನು ಒದಗಿಸಿದ ಅದೇ ಅರಸರು ಪೈಲವಾನರ ಹಾಲು, ತುಪ್ಪ, ಬಾದಾಮಿಯ ಖರ್ಚನ್ನೂ ಸಂಸ್ಥಾನದ ಮೇಲೆ ಹಾಕಿಕೊಂಡರು. 1912ರಲ್ಲಿ ಖಾಸಬಾಗ್ ಎಂಬ ದೊಡ್ಡ ಕುಸ್ತಿ ಮೈದಾನ ಕಟ್ಟಿಸಿದರು. ಕಣವನ್ನು ತಗ್ಗಿನಲ್ಲಿಟ್ಟು ಸುತ್ತಲೂ ಇಳಿಜಾರು ಮಾಡಿದ್ದರಿಂದ ಎಲ್ಲಿ ಕುಳಿತವನಿಗೂ ಕುಸ್ತಿ ಕಾಣಬೇಕು, ಹಾಗೆ. ಮೈಸೂರಿನ ಒಡೆಯರು ದಸರಾ ಕುಸ್ತಿಗೆ, ಪಟಿಯಾಲದ ಅರಸರು ತಮ್ಮ ಕಡೆಯ ಮಲ್ಲರಿಗೆ ಖರ್ಚು ಮಾಡಿದ್ದೂ ಇದೇ ಬಗೆಯದು. ಇದನ್ನು ಅರಸರ ಔದಾರ್ಯವೆಂದು ಹೊಗಳುವುದು ವಾಡಿಕೆ. ಆದರೆ ಆ ಹಣ ಬಂದದ್ದು ರೈತನ ಕಂದಾಯದಿಂದ ತಾನೆ? ಬಜೆಟ್ಟಿನಲ್ಲಿ ತೋರಿಸದಿದ್ದರೂ ಅದು ಸಾರ್ವಜನಿಕ ಹಣವೇ.

1948ರ ಲಂಡನ್ ಒಲಿಂಪಿಕ್ಸ್‌ಗೆ ಖಾಶಾಬಾ ಹೋದದ್ದು ಇದೇ ಹಳೆಯ ಪದ್ಧತಿಯಲ್ಲಿ, ಕೊಲ್ಹಾಪುರದ ಮಹಾರಾಜರ ಹಣದಿಂದ. ಮಣ್ಣಿನಲ್ಲಿ ಆಡಿ ಬೆಳೆದವರು ಅಲ್ಲಿ ಮೊದಲ ಬಾರಿಗೆ ಮ್ಯಾಟಿನ ಮೇಲೆ ನಿಂತರು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು, ಇಲ್ಲದಿದ್ದರೆ ಆಟ ಸಾಗುತ್ತದೆ. ಒಲಿಂಪಿಕ್ಸ್‌ನಲ್ಲಿ ಹೊತ್ತಿನ ಲೆಕ್ಕ, ಅಂಕದ ಲೆಕ್ಕ. ಕಾಲು ಊರುವ ರೀತಿಯೇ ಬೇರೆ. ಅಮೆರಿಕದ ಮಾಜಿ ಚಾಂಪಿಯನ್ ರೀಸ್ ಗಾರ್ಡ್ನರ್ ಎಂಬವರು ಅಲ್ಲಿ ಸ್ವಲ್ಪ ಕಾಲ ಹೇಳಿಕೊಟ್ಟರು. ಅಷ್ಟರಲ್ಲೇ 52 ಕಿಲೋ ತೂಕದ ವಿಭಾಗದಲ್ಲಿ ಆರನೆಯ ಸ್ಥಾನ ಬಂತು. ಊರಿಗೆ ಮರಳಿದ ಖಾಶಾಬಾ ನಾಲ್ಕು ವರ್ಷ ಬಿಡದೆ ಸಾಧನೆ ಮಾಡಿ ಒಂದು ತೂಕ ಮೇಲಕ್ಕೆ, 57 ಕಿಲೋ ವಿಭಾಗಕ್ಕೆ ಏರಿದರು.

ಆ ನಾಲ್ಕು ವರ್ಷಗಳಲ್ಲಿ ದೇಶವೇ ಬದಲಾಗಿತ್ತು. 1949ರ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಗದ್ದುಗೆಯೂ ಖಜಾನೆಯೂ ಹೋದುವು. ಅರಸನ ಕಂದಾಯ ಈಗ ಪ್ರಜಾಸರಕಾರಕ್ಕೆ ಸಂದಿತು. ಅಂದಮೇಲೆ ಅರಸನು ಹೊತ್ತಿದ್ದ ಹೊರೆಯೂ ಅದೇ ಸರಕಾರದ ಹೆಗಲಿಗೆ ಬರಬೇಕಾದ್ದು ನ್ಯಾಯ. ಶಾಲೆ, ಆಸ್ಪತ್ರೆ, ರಸ್ತೆಗಳ ಹೊರೆಯನ್ನು ಸರಕಾರ ವಹಿಸಿಕೊಂಡಿತು. ಪೈಲವಾನನ ಹೊರೆ ಮಾತ್ರ ನಡುದಾರಿಯಲ್ಲಿ ಯಾರಿಗೂ ಬೇಡವಾಗಿ ಉಳಿಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ತಂಡ ಆರಿಸುವ ಮೊದಲು ಮದ್ರಾಸಿನಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅಲ್ಲಿ ನಿರಂಜನ ದಾಸ್ ಎಂಬ ಮಲ್ಲನೆದುರು ಖಾಶಾಬಾ ಒಂದು ಅಂಕದಿಂದ ಸೋತರೆಂದು ತೀರ್ಪಾಯಿತು. ತೀರ್ಪು ಸರಿಯಲ್ಲವೆಂದು ಕಂಡ ಖಾಶಾಬಾ, ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಪಟಿಯಾಲದ ಮಹಾರಾಜ ಯಾದವೀಂದ್ರ ಸಿಂಗರಿಗೆ ದೂರು ಕೊಟ್ಟರು. ಮತ್ತೆ ಕುಸ್ತಿ ಇಡಲಾಯಿತು. ಖಾಶಾಬಾ ಅದೇ ದಾಸರನ್ನು ಸ್ಪಷ್ಟವಾಗಿ ಸೋಲಿಸಿ ತಂಡಕ್ಕೆ ಆಯ್ಕೆಯಾದರು.

ಆಯ್ಕೆಯಾಯಿತು, ಆದರೆ ಹೋಗುವ ಖರ್ಚು ಸ್ವಂತದ್ದು! ಇಂದಿನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ದೇಶದ ಹೆಸರು ಎದೆಯ ಮೇಲೆ ಹೊತ್ತು ಹೊರಟವನು ಟಿಕೆಟಿಗಾಗಿ ಮನೆಮನೆ ಅಲೆಯಬೇಕಿತ್ತು. ಗೋಳೇಶ್ವರದ ಜನ ತಮ್ಮಿಂದಾದುದನ್ನು ಕೊಟ್ಟರು. ಕರಾಡ, ಕೊಲ್ಹಾಪುರಗಳ ಅಂಗಡಿಕಾರರು ಕೊಟ್ಟರು. ಅದು ಸಾಲದಾದಾಗ ಪ್ರಿನ್ಸಿಪಾಲ ಖರ್ಡೀಕರರು ತಮ್ಮ ಸ್ವಂತ ಮನೆಯನ್ನು ಅಡವಿಟ್ಟು 7000 ರೂಪಾಯಿ ತಂದು ಶಿಷ್ಯನ ಕೈಗಿಟ್ಟರು. ಆ ಕಾಲದಲ್ಲಿ ಕಾಲೇಜು ಅಧ್ಯಾಪಕರ ಮಟ್ಟಿಗೆ ಅದು ವರ್ಷಗಟ್ಟಲೆ ದುಡಿದರೂ ಉಳಿಸಲಾಗದ ಮೊತ್ತ. ಹುಡುಗ ಬರಿಗೈಯಲ್ಲಿ ಮರಳಿದ್ದರೆ ಅವರ ಸಂಸಾರ ಬೀದಿಗೆ ಬರುತ್ತಿತ್ತು. ನಾನೂ ಒಬ್ಬ ಅಧ್ಯಾಪಕ. ಇಂಥ ಧೈರ್ಯ ನನ್ನಿಂದಾಗುತ್ತಿತ್ತೆಂದು ಹೇಳಲಾರೆ.

ಸರಕಾರವನ್ನು ಕೇಳಲಿಲ್ಲವೇ ಎಂದರೆ ಕೇಳಿದ್ದರು. ಆಗ ಮುಂಬಯಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಮೊರಾರ್ಜಿ ದೇಸಾಯಿ. 4000 ರೂಪಾಯಿಯ ನೆರವು ಬೇಡಿದಾಗ ಆಟ ಮುಗಿದ ಮೇಲೆ ಬಂದು ಕಾಣುವಂತೆ ಉತ್ತರ ಬಂತೆಂದು ಖಾಶಾಬಾರ ಬಗೆಗೆ ಬರೆದವರು ಹೇಳುತ್ತ ಬಂದಿದ್ದಾರೆ.

ಸರಕಾರದ ಪರವಾಗಿಯೂ ಮಾತನಾಡದೆ ಬಿಡುವುದು ತರವಲ್ಲ. ಅವು ದೇಶವಿಭಜನೆಯ ಗಾಯ ಮಾಯದ ದಿನಗಳು. ಅಕ್ಕಿ, ಗೋದಿ ರೇಶನ್ನಿನಲ್ಲಿ. ಹಳ್ಳಿಗೆ ಬಾವಿಯಿಲ್ಲ, ಶಾಲೆಗೆ ಮಾಡಿಲ್ಲ. ಒಬ್ಬ ಯುವಕ ಫಿನ್ಲೆಂಡಿಗೆ ಹೋಗಿ ಕುಸ್ತಿಯಾಡಿದರೆ ಹಸಿದವನಿಗೆ ಏನು ಬಂತು ಎಂದು ಒಬ್ಬ ಜಿಪುಣ ಆಡಳಿತಗಾರ ಕೇಳಿದರೆ ಅದು ದುಷ್ಟ ಪ್ರಶ್ನೆಯಲ್ಲ. ಇಂದಿಗೂ ಒಲಿಂಪಿಕ್ಸ್ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಕೇಳುವ ಪ್ರಶ್ನೆಯೇ ಅದು. ಆದರೆ ಆಟ ಮುಗಿದ ಮೇಲೆ ಬಾ ಎಂಬ ಮಾತಿನಲ್ಲಿ ಆ ಪ್ರಶ್ನೆಯಿಲ್ಲ. ಕ್ರೀಡೆಗೆ ಹಣ ಕೊಡುವುದು ತಪ್ಪೆಂದಾದರೆ ಆಟದ ಮೊದಲೂ ತಪ್ಪು, ಆಮೇಲೂ ತಪ್ಪು. ಆಮೇಲೆ ಕೊಡಬಹುದೆಂದಾದರೆ, ಪೈಲವಾನನಿಗೆ ಖರ್ಚು ಬರುವುದು ಆಮೇಲೆಯೋ ಮೊದಲೋ? ಗೆದ್ದ ಮೇಲೆ ಅವನಿಗೆ ಕೊಡುವವರು ಬೇಕಾದಷ್ಟು ಮಂದಿ. ಗೆಲ್ಲುವ ಮೊದಲು ಅವನಿಗಿದ್ದದ್ದು ಒಬ್ಬ ಅಧ್ಯಾಪಕ ಮತ್ತು ಆ ಅಧ್ಯಾಪಕನ ಮನೆ.

ಹೆಲ್ಸಿಂಕಿಯಲ್ಲಿ ಖಾಶಾಬಾ ಕೆನಡಾ, ಮೆಕ್ಸಿಕೊ, ಜರ್ಮನಿಗಳ ಮಲ್ಲರನ್ನು ಗೆದ್ದರು. ಜಪಾನಿನ ಶೋಹಾಚಿ ಇಶೀ ಅವರೊಡನೆ ಹದಿನೈದು ಮಿನಿಟಿಗೂ ಮೀರಿ ಕಾದಾಡಿ ಅಲ್ಪ ಅಂತರದಿಂದ ಸೋತರು. ಇಶೀ ಅವರಿಗೇ ಕೊನೆಗೆ ಚಿನ್ನ ಬಂತು. ಆ ದಣಿವು ಆರುವ ಮೊದಲೇ ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೋವ್ ಎದುರು ಇಳಿಯಬೇಕೆಂದು ಕರೆ ಬಂತಂತೆ. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯ ವಿಶ್ರಾಂತಿ ನಿಯಮದಲ್ಲೇ ಇತ್ತು. ಅದನ್ನು ಎತ್ತಿ ಹೇಳಬೇಕಾದ ಭಾರತದ ಅಧಿಕಾರಿ ಒಬ್ಬನೂ ಕಣದ ಬಳಿ ಇರಲಿಲ್ಲವೆಂದು ಹೇಳಲಾಗಿದೆ. ದಣಿದ ಮೈಯಲ್ಲೇ ಇಳಿದ ಖಾಶಾಬಾ ಸೋತರು. 1952ರ ಜುಲಾಯಿ 23ರಂದು ಕಂಚಿನ ಪದಕ ಕೈಗೆ ಬಂತು. ಅವರ ಜತೆಗೆ ಹೋದ ಕೇಶವ ಮಾಣಗಾವೆ ಎಂಬ ಪೈಲವಾನರು 62 ಕಿಲೋ ವಿಭಾಗದಲ್ಲಿ ನಾಲ್ಕನೆಯವರಾದರು. ಅವರ ಹೆಸರು ಇಂದು ಎಷ್ಟು ಮಂದಿಗೆ ಗೊತ್ತು?

ಆ ಸಲ ಹಾಕಿ ತಂಡ ಚಿನ್ನ ಗೆದ್ದಿದ್ದುದರಿಂದ ದೇಶದ ಕಣ್ಣೆಲ್ಲ ಅತ್ತ. ಕಂಚಿನವನನ್ನು ಎದುರುಗೊಂಡದ್ದು ಅವನ ಊರು. ಕರಾಡದ ರೈಲು ನಿಲ್ದಾಣದಿಂದ 151 ಎತ್ತಿನ ಗಾಡಿಗಳ ಮೆರವಣಿಗೆ ಹೊರಟಿತು. ಕಾಲು ಗಂಟೆಯ ದಾರಿ ಕ್ರಮಿಸಲು ಏಳು ಗಂಟೆ ಹಿಡಿಯಿತಂತೆ. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಮೊದಲ ಕೆಲಸ ಮತ್ತೆ ಕಣಕ್ಕಿಳಿದದ್ದು. ಕುಸ್ತಿಗಳನ್ನಾಡಿ ಗೆದ್ದ ಹಣದಿಂದ ಪ್ರಿನ್ಸಿಪಾಲರ ಸಾಲ ತೀರಿಸಿ ಅವರ ಮನೆಯನ್ನು ಬಿಡಿಸಿಕೊಟ್ಟರು. ಒಲಿಂಪಿಕ್ ಪದಕದ ಖರ್ಚನ್ನು ಪದಕ ತಂದವನೇ ಹೀಗೆ ತೆತ್ತುಬಿಟ್ಟ.

1955ರಲ್ಲಿ ಅವರಿಗೆ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನ ಆಸೆ ಮೊಣಕಾಲಿನ ಪೆಟ್ಟಿನಿಂದಾಗಿ ಮುರಿಯಿತು. ಆಮೇಲಿನದು ಒಬ್ಬ ಸರಕಾರಿ ನೌಕರನ ಸಾಮಾನ್ಯ ಬದುಕು. ಇಲಾಖೆಯ ಆಟಗಳಲ್ಲಿ ಗೆದ್ದರು, ಕಿರಿಯರಿಗೆ ಕಲಿಸಿದರು. ಬಡ್ತಿ ಮಾತ್ರ ಬಹುಕಾಲ ಬರಲಿಲ್ಲ. 1983ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಸಹಾಯಕ ಪೊಲೀಸ್ ಕಮಿಶನರ್ ಆಗಿದ್ದರು. ನಿವೃತ್ತಿಯ ನಂತರ ಪಿಂಚಣಿಗಾಗಿಯೂ ತೊಂದರೆಪಟ್ಟರೆಂದು ಬರೆದಿದ್ದಾರೆ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಸರಕಾರ ದೊಡ್ಡ ದೊಡ್ಡ ಕ್ರೀಡಾಂಗಣಗಳನ್ನು ಕಟ್ಟಿತು, ಮೇಲ್ಸೇತುವೆಗಳನ್ನು ಕಟ್ಟಿತು. ಖಾಶಾಬಾರ ಪಾಲಿಗೆ ಬಂದದ್ದು ಪಂಜಿನ ಓಟದಲ್ಲಿ ಭಾಗವಹಿಸುವ ಅವಕಾಶ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ವಯಸ್ಸು 58.

1984 ನಮಗೆ ನೆನಪಿರುವ ವರ್ಷ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು ಆ ಮೇ ತಿಂಗಳಲ್ಲಿ. ಖಾಶಾಬಾ ತೀರಿಕೊಳ್ಳುವುದಕ್ಕೆ ಸರಿಯಾಗಿ ಆರು ದಿನ ಮೊದಲು, ಆಗಸ್ಟ್ 8ರಂದು, ಲಾಸ್ ಏಂಜಲೀಸ್‌ನಲ್ಲಿ ಪಯ್ಯೋಳಿಯ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚು ಕಳೆದುಕೊಂಡರು. ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಉಷಾ ಬಡ ಮನೆಯ ಹುಡುಗಿ. 1976ರಲ್ಲಿ ಕೇರಳ ಸರಕಾರ ನಮ್ಮ ನೆರೆಯ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೀಡಾ ವಿಭಾಗವೊಂದನ್ನು ತೆರೆದು 250 ರೂಪಾಯಿಯ ವಿದ್ಯಾರ್ಥಿವೇತನ ಕೊಟ್ಟು ಅವಳನ್ನು ಸೇರಿಸಿಕೊಂಡಿತು. ಅಲ್ಲಿ ಒ. ಎಂ. ನಂಬಿಯಾರ್ ಎಂಬ ಗುರು ಸಿಕ್ಕಿದರು. ಉಷಾ ಪದಕ ತರಲಿಲ್ಲ, ಖಾಶಾಬಾ ತಂದರು. ಆದರೂ ಸರಕಾರದ ಹಣ ಸರಿಯಾದ ಹೊತ್ತಿಗೆ ಸಂದದ್ದು ಉಷಾ ಅವರ ವಿಷಯದಲ್ಲಿ. ಹುಡುಗಿ ಯಾರೆಂದು ಲೋಕಕ್ಕೆ ಗೊತ್ತಿಲ್ಲದಾಗ ಕೊಟ್ಟ ಹಣ ಅದು. ಅವರ ಹಿಂದೆ ಕೇರಳದ ಎಷ್ಟೋ ಬಡ ಹುಡುಗಿಯರು ಓಟದ ಹಾದಿಗೆ ಬಂದರು. ಖಾಶಾಬಾರ ಹಿಂದೆ ಹಾಗೆ ಸಾಲು ಬರಲಿಲ್ಲ. ಭಾರತಕ್ಕೆ ಮುಂದಿನ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು 1996ರಲ್ಲಿ, ಟೆನ್ನಿಸ್‌ನ ಲಿಯಾಂಡರ್ ಪೇಸ್ ಅವರಿಂದ. ಕುಸ್ತಿಯಲ್ಲಿ 2008ರ ತನಕ ಕಾಯಬೇಕಾಯಿತು. ಅಂದರೆ 56 ವರ್ಷ.

ಈಗ ಸರಕಾರಗಳು ಧಾರಾಳಿಗಳಾಗಿವೆ. 2014ರಲ್ಲಿ ಕೇಂದ್ರ ಸರಕಾರ ಪದಕದ ಭರವಸೆಯುಳ್ಳವರಿಗಾಗಿ ಯೋಜನೆಯೊಂದನ್ನು ತಂದಿತು. ಅದರ ಮೊದಲ ಸಾಲಿನ ಆಟಗಾರರಿಗೆ ತರಬೇತಿಯ ಖರ್ಚಲ್ಲದೆ ತಿಂಗಳಿಗೆ 50,000 ರೂಪಾಯಿ ಕೈಖರ್ಚಿಗೆ ಗೊತ್ತುಮಾಡಲಾಯಿತು. ಮಹಾರಾಷ್ಟ್ರಕ್ಕೆ ಖಾಶಾಬಾರ ನಂತರ ಎರಡನೆಯ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಅದೇ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ. 2024ರಲ್ಲಿ ಪ್ಯಾರಿಸ್‌ನಲ್ಲಿ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಗೆದ್ದ ಬೆನ್ನಿಗೇ ಮುಖ್ಯಮಂತ್ರಿಗಳು ಒಂದು ಕೋಟಿ ರೂಪಾಯಿ ಘೋಷಿಸಿದರು. ಕೊಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಒಂದು ಕೋಟಿಯನ್ನು 250 ರೂಪಾಯಿಗಳಾಗಿ ಚಿಲ್ಲರೆ ಮಾಡಿ ನೋಡುವ ಚಾಳಿ ಅಧ್ಯಾಪಕರಾದವರಿಗೆ ಇದ್ದೇ ಇರುತ್ತದೆ. ಮಕ್ಕಳ ಸಂಖ್ಯೆ ಸಾಲದೆಂದು ದೈಹಿಕ ಶಿಕ್ಷಕರ ಹುದ್ದೆಯೇ ಸಿಗದ ಕನ್ನಡ ಶಾಲೆಗಳನ್ನು ಕಂಡವರಿಗಂತೂ ಆ ಲೆಕ್ಕ ಬಿಡುವುದಿಲ್ಲ. ಓಡಬಲ್ಲ ಹುಡುಗಿ ಐದನೆಯ ತರಗತಿಯಲ್ಲಿದ್ದಾಳೆ. ಅವಳು ಓಡಬಲ್ಲಳೆಂದು ಕಂಡುಹಿಡಿಯುವವರು ಶಾಲೆಯಲ್ಲಿಲ್ಲ. ನಿಲಂಗಾದ ಹುಡುಗ ಕೊಲ್ಹಾಪುರದ ದಾರಿ ಹಿಡಿಯಬೇಕಾದದ್ದೂ ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದಲೇ.

ಖಾಶಾಬಾರಿಗೆ ಗೌರವಗಳೆಲ್ಲ ಬಂದವು, ಅವರೇ ಹೋದ ಮೇಲೆ. ಮಹಾರಾಷ್ಟ್ರ ಸರಕಾರದ ಶಿವ ಛತ್ರಪತಿ ಪ್ರಶಸ್ತಿ 1990ರ ದಶಕದಲ್ಲಿ, ಅರ್ಜುನ ಪ್ರಶಸ್ತಿ 2000ದಲ್ಲಿ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಕುಸ್ತಿಯ ಒಳಾಂಗಣಕ್ಕೆ ಅವರ ಹೆಸರಿಟ್ಟರು. ಆ ಕೂಟದ ಖರ್ಚುವೆಚ್ಚದ ಬಗೆಗೆ ಮಹಾಲೆಕ್ಕಪರಿಶೋಧಕರು 2011ರಲ್ಲಿ ಎಂಥ ವರದಿ ಕೊಟ್ಟರೆಂಬುದು ಪತ್ರಿಕೆ ಓದುವವರಿಗೆಲ್ಲ ನೆನಪಿದ್ದೀತು. 4000 ರೂಪಾಯಿ ಸಿಗದವನ ಹೆಸರು ಅಂಥ ಕಟ್ಟಡದ ಮೇಲೆ! ಅವರ ಹುಟ್ಟಿದ ದಿನವಾದ ಜನವರಿ 15ನ್ನು ಮಹಾರಾಷ್ಟ್ರವು 2023ರಲ್ಲಿ ರಾಜ್ಯ ಕ್ರೀಡಾ ದಿನವೆಂದು ಸಾರಿತು.

ಗೋಳೇಶ್ವರದಲ್ಲಿ ಖಾಶಾಬಾರ ಹೆಸರಿನಲ್ಲಿ ಕುಸ್ತಿ ಶಾಲೆಯೊಂದನ್ನು ಕಟ್ಟಿಸುವುದಾಗಿ 2009ರಲ್ಲಿ ರಾಜ್ಯ ಸರಕಾರ ಮಾತು ಕೊಟ್ಟಿತ್ತು. ಹಣ ಮಂಜೂರಾದ ಸುದ್ದಿಯೂ ಬಂತು. ಎಂಟು ವರ್ಷ ಕಳೆದರೂ ಶಾಲೆ ಏಳಲಿಲ್ಲ. 2017ರಲ್ಲಿ ಅವರ ಮಗ ಒಂದು ವಿಷಯ ಪ್ರಕಟಿಸಿದರು: ಸರಕಾರ ಕಟ್ಟದಿದ್ದರೆ ತಂದೆಯ ಹೆಲ್ಸಿಂಕಿ ಪದಕವನ್ನು ಹರಾಜಿಗಿಟ್ಟು, ಬಂದ ಹಣದಿಂದ ಮನೆಯವರೇ ಅದನ್ನು ಕಟ್ಟುತ್ತಾರೆ.